ಹಿಂದಿನ ಕಂಬಿ

ಹೆಂಡತಿ ಸ್ಕೂಟರ್ ಓಡಿಸುವಾಗ ಹಿಂದೆ ಕೂತ ಗಂಡಸು ಮುಖವನ್ನು ಯಾವ ಕಡೆಗೆ ತಿರುಗಿಸಿಕೊಳ್ಳಬೇಕು ಎಂಬುದನ್ನು ಸಾಗರ ಎರಡು ವರ್ಷವಾದರೂ ಕಲಿತಿರಲಿಲ್ಲ. ಬಲಕ್ಕೆ ತಿರುಗಿದರೆ ಟೀ ಅಂಗಡಿಗಳು, ಎಡಕ್ಕೆ ತಿರುಗಿದರೆ ಬಸ್ಸಿಗೆ ಕಾಯುವವರು, ನೇರ ನೋಡಿದರೆ ಅನುಶ್ರೀಯ ಹೆಲ್ಮೆಟ್ಟು, ಅದರ ಹಿಂಭಾಗಕ್ಕೆ ಮಗಳು ಅಂಟಿಸಿ ಅರ್ಧ ಕಿತ್ತಿದ್ದ ಚಿಟ್ಟೆಯ ಸ್ಟಿಕ್ಕರು. ಅವನು ಸ್ಟಿಕ್ಕರನ್ನೇ ನೋಡುತ್ತ ಕೂತ. ಮುಂದೆ ನಿಂತಿದ್ದ ಐದು ವರ್ಷದ ಸಾನ್ವಿ ಎದುರಿಗೆ ಬಂದ ಲಾರಿಗಳಿಗೆಲ್ಲ ಟಾಟಾ ಮಾಡುತ್ತಿದ್ದಳು. ಅವನಿಗೂ ಅನುಶ್ರೀಗೂ ನಡುವೆ ಬಟ್ಟೆ ಅಂಗಡಿಯ ಚೀಲವಿತ್ತು. ಅದರಲ್ಲಿ ತಂಗಿಯ ಮಗುವಿಗೆ ರೇಷ್ಮೆ ಲಂಗ, ತೆಂಗಿನಕಾಯಿ, ಬಾಳೆಹಣ್ಣು, ಬೆಲ್ಲ. ಅಂಗಿಯ ಜೇಬಿನಲ್ಲಿ ಪುಟ್ಟ ಡಬ್ಬಿ, ಡಬ್ಬಿಯಲ್ಲಿ ಚಿನ್ನದ ಓಲೆ. ಜೇಬಿಗಿಂತ ಸ್ವಲ್ಪ ಮೇಲೆ, ಚರ್ಮದ ಒಳಗಡೆ, ಇನ್ನೊಂದು ಡಬ್ಬಿ. ಹುಣಸೂರಿನ ಗ್ರಿಲ್ ವರ್ಕ್ಸ್ ಮುಂದೆ ಹಾಯುವಾಗ ಅವನ ಪಾಲುದಾರ ಚನ್ನಬಸವಣ್ಣ ಬೆಂಕಿ ಕಿಡಿಗಳ ನಡುವಿನಿಂದ ಎದ್ದು, ಮುಖವಾಡ ಮೇಲಕ್ಕೆತ್ತಿ, “ಏನ್ಲಾ ಬ್ಯಾಟ್ರಿ, ಸವಾರಿ ಜೋರಾಗದೆ!” ಎಂದು ಕೂಗಿದ. ಸಾಗರ ನಕ್ಕ. ನಗುವುದಕ್ಕೆ ಏನೂ ಖರ್ಚಿಲ್ಲವಲ್ಲ. ಕೈಯೆತ್ತಿ ಬೀಸೋಣವೆಂದರೆ ಬಲಗೈ ಸೀಟಿನ ಹಿಂದಿನ ಕಂಬಿಯನ್ನು ಹಿಡಿದಿತ್ತು, ಎಡಗೈ ಚೀಲವನ್ನು ಹಿಡಿದಿತ್ತು. “ಮುಂದೆ ರೋಡ್ ಕಿತ್ತೋಗದೆ, ಗಟ್ಯಾಗಿ ಹಿಡ್ಕಳಿ,” ಎಂದಳು ಅನುಶ್ರೀ. ಅವನು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ತನ್ನ ಹೆಗಲನ್ನು ಹಿಡಿದುಕೊಳ್ಳಿ ಎಂದು ಅವಳು ಮೊದಮೊದಲು ಹೇಳುತ್ತಿದ್ದಳು. ಈಗ ಬರೀ ಹಿಡ್ಕಳಿ ಅನ್ನುತ್ತಾಳೆ, ಏನನ್ನು ಎಂದು ಹೇಳುವುದಿಲ್ಲ.

ಊರು ದಾಟಿದ ಮೇಲೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ವಾಸನೆ ಶುರುವಾಯಿತು, ಸಿಹಿಯಾಗಿ, ಸ್ವಲ್ಪ ಸುಟ್ಟ ಹಾಗೆ. ಮೊದಲಾಗಿದ್ದರೆ ಈ ವಾಸನೆಗೆ ಅವನ ಗಂಟಲು ಹಿತವಾಗುತ್ತಿತ್ತು. ಬೆಟ್ಟದಪುರದ ಬೆಟ್ಟ ಕಾಣಿಸಿದರೆ ತಂಗಿಯ ಮನೆ ಬಂತು ಎಂದು ಬೈಕಿನ ವೇಗ ಹೆಚ್ಚುತ್ತಿತ್ತು. ಈಗ ವಾಸನೆ ಬಂತು, ಹೋಯಿತು. ಮಾತ್ರೆಯ ಗುಣವೋ ತನ್ನದೇ ಗುಣವೋ ಅವನಿಗೆ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ನುಂಗುವ ಮಾತ್ರೆ ಎದೆಯ ಓಟಕ್ಕೆ ಲಗಾಮು ಹಾಕುತ್ತದೆ ಎಂದಿದ್ದರು ಮೈಸೂರಿನ ಡಾಕ್ಟರು. ಎದೆಯ ಜೊತೆಗೆ ಇನ್ನೇನೇನಕ್ಕೆ ಲಗಾಮು ಬೀಳುತ್ತದೆ ಎಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. “ನಿಮ್ಮ ಹಾರ್ಟು ಗಟ್ಟಿಮುಟ್ಟಾಗಿದೆ, ರಕ್ತನಾಳ ಎಲ್ಲ ಕ್ಲೀನು. ತೊಂದರೆ ಇರೋದು ಅದರ ಕರೆಂಟಲ್ಲಿ. ಒಮ್ಮೊಮ್ಮೆ ತಾಳ ತಪ್ಪಿ ಓಡುತ್ತೆ. ಓಡಿದರೆ ಎದೆಯೊಳಗೆ ಇಡೋ ಈ ಯಂತ್ರ ಒಂದೇಟು ಕೊಟ್ಟು ದಾರಿಗೆ ತರುತ್ತೆ,” ಎಂದು ಅವರು ಮೊದಲ ದಿನ ಹೇಳಿದಾಗ ಅವನಿಗೆ ಇಪ್ಪತ್ತೊಂಬತ್ತು. ಗೇಟಿಗೆ ವೆಲ್ಡಿಂಗ್ ಮಾಡುತ್ತಿದ್ದವನು ಕಣ್ಣು ಕತ್ತಲಿಟ್ಟು ಬಿದ್ದಿದ್ದ, ಬಿಸಿಲಿಗೆ ಬಿದ್ದ ಎಂದುಕೊಂಡಿದ್ದರು ಎಲ್ಲರೂ. ಎದೆಯಲ್ಲಿ ಯಂತ್ರ ಇಟ್ಟುಕೊಂಡವನು ಇನ್ನು ಮೇಲೆ ವೆಲ್ಡಿಂಗ್ ಮುಟ್ಟಬಾರದು, ಬೈಕು ಓಡಿಸಬಾರದು. ಕರೆಂಟಿನಿಂದಲೇ ಅನ್ನ ತಿಂದವನಿಗೆ ಎದೆಯೊಳಗೆ ಕರೆಂಟು ಕೆಟ್ಟಿತು ಎಂದು ಚನ್ನಬಸವಣ್ಣ ಅಂಗಡಿಗೆ ಬಂದವರಿಗೆಲ್ಲ ಹೇಳಿ ಹೇಳಿ, ಹುಣಸೂರಿನ ಅರ್ಧ ಜನಕ್ಕೆ ಅವನು ಬ್ಯಾಟ್ರಿ ಸಾಗರನಾದ. ಈಗ ಅವನು ಟೇಪು ಹಿಡಿದು ಮನೆಮನೆಗೆ ಹೋಗಿ ಕಿಟಕಿಯ ಅಳತೆ ತರುತ್ತಾನೆ. ಅಳತೆ ಕೊಡುವ ಹೆಂಗಸರು, “ಅಯ್ಯೋ ಪಾಪ, ಕೂತ್ಕಳಪ್ಪ, ನೀರು ಕುಡಿ,” ಅನ್ನುತ್ತಾರೆ. ಕೂರುತ್ತಾನೆ, ಕುಡಿಯುತ್ತಾನೆ.

ಇವತ್ತು ಮಾತ್ರ ಕೂರುವುದು ಬೇರೆ ತರಹ. ತಂಗಿ ಸುಮಿತ್ರಾಳ ಹನ್ನೊಂದು ತಿಂಗಳ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಅದು ಸೋದರಮಾವನ ತೊಡೆಯ ಮೇಲೇ ಆಗಬೇಕು. ಇನ್ನೆಲ್ಲಿ ಹೆಚ್ಚುಕಮ್ಮಿಯಾದರೂ ಅದರಲ್ಲಿ ಆಗಕೂಡದು. ಸಾನ್ವಿಗೆ ಅನುಶ್ರೀಯ ಅಣ್ಣ ಕೂತಿದ್ದ, ಸುಮಿತ್ರಾಳಿಗೆ ಹನಗೋಡಿನ ಮಾವ ಕೂತಿದ್ದನಂತೆ. ಫೋನಿನಲ್ಲಿ ಸುಮಿತ್ರಾ, “ಅಣ್ಣ, ನೀನೇ ಕೂತ್ಕಬೇಕು, ಬ್ಯಾರೆ ಮಾತಿಲ್ಲ,” ಎಂದಾಗ ಅವನು ಹೂಂ ಅಂದಿದ್ದ. ಹೂಂ ಎಂದ ಕ್ಷಣದಿಂದಲೇ ಅದು ತಪ್ಪಿಹೋಗಲಿ ಎಂದು ಕಾಯುತ್ತಿದ್ದ. ಮಳೆ ಬರಲಿ, ಕಿವಿ ಚುಚ್ಚುವ ಆಚಾರಿಗೆ ಜ್ವರ ಬರಲಿ. ತನಗೆ ಆ ಮಗುವನ್ನು ಕಂಡರೆ ಪ್ರೀತಿ ಇದೆಯೇ ಇಲ್ಲವೇ ಎಂದು ಎರಡು ದಿನ ಒಳಗೇ ತಡಕಾಡಿ ನೋಡಿದ್ದ. ಇದ್ದಿರಬೇಕು. ಕೈಗೆ ಏನೂ ಸಿಗಲಿಲ್ಲ.

ಕೈಗೆ ಸಿಕ್ಕಿದ್ದು ಸಾನ್ವಿಯ ಹುಬ್ಬಿನ ಗೆರೆ, ಯಾವಾಗಲೂ ಅದೇ. ಆಗ ಯಂತ್ರ ಇಟ್ಟು ಕೆಲವೇ ತಿಂಗಳಾಗಿತ್ತು. ಅಂಗಳದಲ್ಲಿ ಮಗಳನ್ನು ಹೆಗಲಿಗೇರಿಸಿಕೊಂಡು ನಿಂತಿದ್ದ. ಎದೆ ಒಮ್ಮೆಗೇ ಗಡಗಡ ಓಡತೊಡಗಿತು, ಗಂಟಲ ತನಕ ಬಂತು. ಆಮೇಲೆ ಒಳಗಿನಿಂದಲೇ ಎಮ್ಮೆ ಒದ್ದ ಹಾಗೆ ಯಾರೋ ಒದ್ದರು. ಅವನು ಕಿರುಚಿದ್ದು ಅವನಿಗೇ ಕೇಳಿಸಿತು. ಮಗಳು ಕೆಳಗೆ ಬಿದ್ದಿದ್ದು ಮಾತ್ರ ಕೇಳಿಸಲಿಲ್ಲ. ತುಳಸಿಕಟ್ಟೆಯ ಅಂಚು ತಾಗಿ ಹುಬ್ಬು ಒಡೆದಿತ್ತು. ಹೊಲಿಗೆ ಹಾಕಿಸಿದರು, ವಾಸಿಯಾಯಿತು, ಮಗು ಮರೆತೂಬಿಟ್ಟಿತು. ಮೈಸೂರಿನಲ್ಲಿ ಡಾಕ್ಟರು ಯಂತ್ರವನ್ನು ಪರೀಕ್ಷೆ ಮಾಡಿ, “ನೋಡಿ, ಇದು ಅವತ್ತು ನಿಮ್ಮ ಜೀವ ಉಳಿಸಿದೆ,” ಎಂದು ಸಂತೋಷಪಟ್ಟರು. ಅನುಶ್ರೀ ಔಷಧಿ ತರಲು ಆಚೆ ಹೋಗಿದ್ದಳು. ಆಗ ಅವನು ಕೇಳಿದ: ಇದು ಹೊಡೆಯುವಾಗ ನನ್ನನ್ನು ಯಾರಾದರೂ ಮುಟ್ಟಿಕೊಂಡಿದ್ದರೆ ಅವರಿಗೂ ಹೊಡೆಯುತ್ತಾ? ಡಾಕ್ಟರು ನಕ್ಕರು. “ಹೆಚ್ಚಂದ್ರೆ ಸ್ವಲ್ಪ ಜುಮ್ಮ್ ಅನ್ನಬಹುದು, ಅಷ್ಟೇ. ಅಪಾಯ ಏನೂ ಇಲ್ಲ. ಹೆಂಡತಿ ಮಕ್ಕಳ ಜೊತೆ ಹಾಯಾಗಿರಿ. ಮಗೂನ ನಿಂತ್ಕೊಂಡು ಎತ್ಕೋಬೇಡಿ, ಕೂತು ತೊಡೆ ಮೇಲೆ ಕೂರಿಸ್ಕೊಳ್ಳಿ.” ಅವನು ತಲೆಯಾಡಿಸಿ ಹೊರಗೆ ಬಂದ. ಬೆಂಚಿನ ಹತ್ತಿರ ಅನುಶ್ರೀ ಔಷಧಿಯ ಪೊಟ್ಟಣ ಹಿಡಿದು ನಿಂತಿದ್ದಳು. “ಏನಂದ್ರು?” ಅಂದಳು. “ಮುಟ್ಟಬಾರದಂತೆ,” ಅಂದ. “ಅದು ಹೊಡೆಯುವಾಗ ಯಾರು ಮುಟ್ಟಿರ್ತಾರೋ ಅವರಿಗೂ ಹೊಡಿಯುತ್ತಂತೆ.”

ಯಾಕೆ ಹಾಗೆಂದ? ಮಗಳಿಗಾಗಿ ಎಂದು ಬಹಳ ದಿನ ತನಗೆ ತಾನೇ ಹೇಳಿಕೊಂಡಿದ್ದ. ಅದು ಪೂರ್ತಿ ನಿಜವಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಎಲ್ಲರ ಕೈಯೂ ಅವನ ಎದೆಯ ಮೇಲೆಯೇ ಇತ್ತು. ಅಮ್ಮ ದಾರಿಗಡ್ಡ ನಿಲ್ಲಿಸಿ ಅಂಗೈ ಇಟ್ಟು ನೋಡುತ್ತಿದ್ದಳು, ದೋಸೆಹಂಚು ಕಾದಿದೆಯಾ ಎಂದು ನೋಡುವ ಹಾಗೆ. ಅನುಶ್ರೀ ಮಲಗಿದಲ್ಲೇ ಕೈ ಚಾಚಿ ಎದೆ ಮೇಲಿಟ್ಟು ಉಸಿರು ಬಿಗಿಹಿಡಿದು ಎಣಿಸುತ್ತಿದ್ದಳು. ಆ ಕೈಗೆ ಬೇಕಾಗಿದ್ದುದು ಅವನಲ್ಲ, ಒಳಗೆ ನಡೆಯುತ್ತಿದ್ದ ಅದು ಎಂದು ಅವನಿಗೆ ಅನ್ನಿಸುತ್ತಿತ್ತು. ಮುಟ್ಟಬಾರದಂತೆ ಎಂದ ಮೇಲೆ ಕೈಗಳೆಲ್ಲ ಹಿಂದಕ್ಕೆ ಹೋದವು. ಮನೆಯಲ್ಲಿ ಎರಡು ಹಾಸಿಗೆಯಾಯಿತು. ಅಮ್ಮ ಊರಿಗೆಲ್ಲ ಹೇಳಿದಳು. ಸಾನ್ವಿ ನೆಂಟರ ಮಕ್ಕಳಿಗೆ, “ನಮ್ಮಪ್ಪನ್ನ ಮುಟ್ಟುಬುಟ್ರೆ ಶಾಕ್ ಒಡೀತದೆ,” ಎಂದು ಹೆಮ್ಮೆಯಿಂದ ಹೇಳುವುದನ್ನು ಕಲಿತಳು. ಅವನಿಗೆ ಅಬ್ಬಾ, ಬದುಕಿದೆ ಅನ್ನಿಸಿತು. ಆ ಅಬ್ಬಾದ ನಂತರ ಬೇರೆ ಏನೂ ಅನ್ನಿಸಲಿಲ್ಲ. ಆ ಏನೂ ಅನ್ನಿಸದಿರುವುದು ಇನ್ನೂ ನಡೆಯುತ್ತಲೇ ಇತ್ತು.

ತಂಗಿಯ ಮನೆಯ ಜಗಲಿಯಲ್ಲಿ ಚಾಪೆ ಹಾಸಿ ಆಗಿತ್ತು. ಚಾಪೆಯ ಮೇಲೆ, ಬಿಳಿ ಪಂಚೆ ಉಟ್ಟು, ಚಿಕ್ಕಪ್ಪನ ಮಗ ಅಭಿಷೇಕ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಸಾಗರನನ್ನು ನೋಡಿದ್ದೇ ಅರ್ಧ ಎದ್ದ. ಎರಡು ದಿನ ಮೊದಲೇ ಮಗಳ ಮನೆಗೆ ಬಂದಿದ್ದ ಅಮ್ಮ ವಿಮಲಮ್ಮ ಅವನ ಹೆಗಲನ್ನು ಒತ್ತಿ ಕೂರಿಸಿ, ಸಾಗರನ ಹತ್ತಿರ ಬಂದು, ಒಂದು ಮಾರು ದೂರದಲ್ಲಿ ನಿಂತು, ಗುಟ್ಟಿನ ದನಿಯಲ್ಲಿ ಇಡೀ ಬೀದಿಗೆ ಕೇಳುವಂತೆ ಹೇಳಿದಳು: “ಬ್ಯಾಸರ ಮಾಡ್ಕಬ್ಯಾಡ ಕಣಪ್ಪ. ನಾನೇ ಅಬಿಗೆ ಏಳ್ಕಳ್ಸಿದ್ದೆ. ಅವ್ನೂ ಸೋದರಮಾವನೇ ಅಲ್ವಾ? ಅಸುಗೂಸು, ನಿನ್ ತೊಡೆ ಮ್ಯಾಲಿರುವಾಗ ಎಚ್ಚುಕಮ್ಮಿ ಆದ್ರೆ?”

“ಆಯ್ತು ಬುಡಮ್ಮ,” ಎಂದ ಸಾಗರ. ಎಷ್ಟು ಬೇಗ ಅಂದನೆಂದರೆ ಅಮ್ಮನಿಗೇ ಕಸಿವಿಸಿಯಾಯಿತು. ಅವಳು ಸಮಾಧಾನದ ಮಾತುಗಳನ್ನೆಲ್ಲ ತಯಾರು ಮಾಡಿಕೊಂಡು ಬಂದಿದ್ದಳು, ಅವು ಬಾಯಲ್ಲೇ ಉಳಿದವು. ಸುತ್ತ ನಿಂತಿದ್ದವರ ಮುಖದಲ್ಲೆಲ್ಲ ಪಾಪ ಎಂಬುದು ಬರೆದಿತ್ತು. ಅವಮಾನವಾಗಬೇಕಿತ್ತು. ಹುಡುಕಿದ. ಇತ್ತು, ಎಲ್ಲೋ ದೂರದ ಮನೆಯ ರೇಡಿಯೋದಂತೆ. ಅದಕ್ಕಿಂತ ಹತ್ತಿರದಲ್ಲಿ ಒಂದು ನಿರಾಳವಿತ್ತು. ಸದ್ಯ, ತಪ್ಪಿತು. ಅನುಶ್ರೀ ಚೀಲವನ್ನು ಅವನ ಕೈಯಿಂದ ತೆಗೆದುಕೊಂಡು, ಅವನ ಮುಖ ನೋಡದೆ, ಅಡುಗೆಮನೆಗೆ ಹೋದಳು.

ಆಗ ಸುಮಿತ್ರಾ ಮಗುವನ್ನು ಎತ್ತಿಕೊಂಡು ಹೊರಗೆ ಬಂದಳು. ತಲೆಗೆ ಎಣ್ಣೆ, ಎರಡೂ ಕಿವಿಯ ಹಾಲೆಯ ಮೇಲೆ ಕುಂಕುಮದ ಚುಕ್ಕಿ. ಅಭಿಷೇಕನನ್ನು ನೋಡಿ, ಅಮ್ಮನನ್ನು ನೋಡಿ, ಅವಳ ಮೂಗಿನ ಹೊಳ್ಳೆ ಅಗಲವಾಯಿತು; ಚಿಕ್ಕಂದಿನಿಂದಲೂ ಸಿಟ್ಟು ಬಂದರೆ ಅದು ಮೊದಲು ಮೂಗಿಗೇ ಬರುವುದು. “ಅವ್ನ್ಯಾಕೆ ಕೂತವ್ನೆ? ಏಳೋ ಅಬಿ.”

“ಸುಮಿ, ಸುಮ್ಕಿರು,” ಎಂದಳು ಅಮ್ಮ.

“ಯಾಕ್ ಸುಮ್ಕಿರ್ಲಿ? ನನ್ ಒಡಹುಟ್ಟಿದೋನು ಇನ್ನೂ ಬದುಕವ್ನೆ. ಅಣ್ಣ, ಬಾ. ಬಂದು ಕೂತ್ಕ. ಏನಾದ್ರೂ ಆದ್ರೆ ನನ್ ಮಗೀಗೆ ತಾನೆ ಆಗೋದು? ನಾನೇ ಎದ್ರಿಕೊಂಡಿಲ್ಲ, ನಿಂಗೇನು?”

ಸುಮಿತ್ರಾಳ ಗಂಡ ಜಯರಾಮ ನೆಲ ನೋಡಿದ. ಒಲ್ಲೆ ಅನ್ನಲಾರ, ಹೂಂ ಅನ್ನಲೂ ಧೈರ್ಯವಿಲ್ಲ, ಅವನ ಮಗುವಲ್ಲವೇ. ಆಚಾರಿ ಚಿನ್ನದ ತಂತಿಯ ತುದಿಯನ್ನು ಉಗುರಿನಿಂದ ಪರೀಕ್ಷಿಸುತ್ತ ಕಾದ. ಸುಮಿತ್ರಾ ಮಗುವನ್ನು ಮುಂದಕ್ಕೆ ಚಾಚಿ ಹಿಡಿದಿದ್ದಳು. ಮಗು ಸಾಗರನನ್ನು ನೋಡಿ, ಇನ್ನೂ ಎರಡೇ ಹಲ್ಲು ಬಂದಿದ್ದ ಬಾಯಿ ತೆರೆದು ನಕ್ಕಿತು. ಅವನ ಎದೆ ಒಂದು ಬಡಿತ ತಪ್ಪಿ, ಮುಂದಿನದನ್ನು ಜೋರಾಗಿ ಬಡಿಯಿತು. ಇದು ಅದೋ, ಅಥವಾ ಎಲ್ಲರಿಗೂ ಆಗುವಂಥದ್ದೋ? ಎರಡು ವರ್ಷದಿಂದ ಅವನು ಬದುಕಿದ್ದು ಈ ಒಂದೇ ಪ್ರಶ್ನೆಯೊಳಗೆ. ಮೆಟ್ಟಿಲು ಹತ್ತಿದರೆ, ನಾಯಿ ಬೊಗಳಿದರೆ, ಹೆಂಡತಿ ಸ್ನಾನ ಮಾಡಿ ಒದ್ದೆ ಕೂದಲಲ್ಲಿ ಹತ್ತಿರ ಹಾದುಹೋದರೆ, ಇದು ಅದೋ? ಅದಲ್ಲ ಎಂದು ಗೊತ್ತಾಗುವ ಹೊತ್ತಿಗೆ ನಾಯಿಯೂ ಹೋಗಿರುತ್ತಿತ್ತು, ಹೆಂಡತಿಯೂ ಹೋಗಿರುತ್ತಿದ್ದಳು.

“ಬ್ಯಾಡ ಸುಮಿ,” ಎಂದ. ದನಿ ನೆಟ್ಟಗಿತ್ತು. “ಡಾಕ್ಟ್ರೇ ಹೇಳವ್ರೆ. ಮಗೂನ ತೊಡೆ ಮೇಲೆ ಕೂರಿಸ್ಕಬಾರದು ಅಂತ.”

ಮಾತು ಮುಗಿಯುವಾಗ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದ ಸದ್ದು ನಿಂತಿತು. ಒಂದು ಕ್ಷಣ ಬಿಟ್ಟು ಮತ್ತೆ ಶುರುವಾಯಿತು. ಸುಮಿತ್ರಾ ಚಾಚಿದ ಕೈಗಳನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು. ಡಾಕ್ಟರು ಎಂದ ಮೇಲೆ ಅವಳಾದರೂ ಏನು ಮಾಡಿಯಾಳು? “ಅಂಗಂತ ಮೊದ್ಲೇ ಏಳ್ಬಾರ್ದಿತ್ತಾ,” ಎಂದು ಮಗುವನ್ನು ಅಭಿಷೇಕನ ತೊಡೆಯ ಮೇಲೆ ಕೂರಿಸಿ, ಕಣ್ಣು ಒರೆಸಿಕೊಂಡಳು. ಸಾಗರ ಕಂಬಕ್ಕೆ ಒರಗಿ ಕೂತ. ಜೇಬಿನಿಂದ ಓಲೆಯ ಡಬ್ಬಿ ತೆಗೆದು ಚಾಪೆಯ ಅಂಚಿಗೆ ಇಟ್ಟ, ಬಾಡಿಗೆ ಕೊಟ್ಟು ಎದ್ದುಬಂದವನ ಹಾಗೆ.

ಅಭಿಷೇಕ ಒಳ್ಳೆಯ ಹುಡುಗನೇ. ಆದರೆ ಮಗುವಿಗೆ ಅವನ ಗುರುತಿಲ್ಲ. ಅವನ ಮೀಸೆ ನೋಡಿಯೇ ತುಟಿ ಸೊಟ್ಟಗಾಯಿತು. ಆಚಾರಿ ಬಲಗಿವಿ ಚುಚ್ಚಿದ. ಒಂದು ಕ್ಷಣ ಸದ್ದೇ ಇಲ್ಲ, ಬಾಯಿ ಮಾತ್ರ ತೆರೆದಿತ್ತು, ಆಮೇಲೆ ಜಗಲಿ ಕಿತ್ತುಹೋಗುವ ಹಾಗೆ ಕಿರುಚಿಕೊಂಡಿತು. ಬೆನ್ನು ಬಿಲ್ಲಾಗಿಸಿ, ಕಾಲು ಒದ್ದು, ತಲೆಯನ್ನು ಆಚೀಚೆ ಬಡಿಯಿತು. ಎಡಗಿವಿಗೆ ಕೈ ಹಾಕಲು ಆಚಾರಿಗೆ ಆಗಲೇ ಇಲ್ಲ. ಜಯರಾಮ ತಲೆ ಹಿಡಿದ, ಅಮ್ಮ ಕಾಲು ಹಿಡಿದಳು. ಹಿಡಿದಷ್ಟೂ ಅದು ಹುಚ್ಚೆದ್ದು ಒದ್ದಾಡಿತು. ಬಲಗಿವಿಯಿಂದ ಒಂದು ಹನಿ ರಕ್ತ ಅಭಿಷೇಕನ ಬಿಳಿ ಪಂಚೆಯ ಮೇಲೆ ಬಿತ್ತು. “ಇಂಗೆ ಅಳ್ಳಾಡಿದ್ರೆ ತಂತಿ ಎಲ್ಲೋಯ್ತದೋ ಏನೋ,” ಎಂದು ಆಚಾರಿ ಕೈ ಹಿಂದಕ್ಕೆ ತೆಗೆದ. “ಗುರುತಿರೋರು ಯಾರಾರ ಎತ್ಕಳಿ.” ಮಗು ಅಷ್ಟು ಮುಖಗಳ ನಡುವಿನಿಂದ ಕಂಬದ ಕಡೆಗೆ ಎರಡೂ ಕೈ ಚಾಚಿತು. ದಿನಾ ಸಂಜೆ ಫೋನಿನ ಪರದೆಯಲ್ಲಿ ಬಂದು ನಾಲಗೆ ಚಾಚಿ ಅಣಕಿಸುತ್ತಿದ್ದ ಮುಖ ಅಲ್ಲಿತ್ತು. ಫೋನಿನಲ್ಲಿ ಅವನು ಧೈರ್ಯವಾಗಿಯೇ ಇರುತ್ತಿದ್ದ.

ಸಾಗರ ಏಳಲಿಲ್ಲ. ಏಳಬೇಕು ಎಂದು ಅನ್ನಿಸಿತು. ಅನ್ನಿಸಿದ್ದು ಕಾಲಿನ ತನಕ ಹೋಗಲಿಲ್ಲ.

ಅನುಶ್ರೀ ಅಡುಗೆಮನೆಯಿಂದ ಬಂದಳು. ಕಾಯಿತುರಿ ಅಂಟಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಅಭಿಷೇಕನ ತೊಡೆಯಿಂದ ಮಗುವನ್ನು ಎತ್ತಿದಳು, ನಾಲ್ಕು ಹೆಜ್ಜೆ ನಡೆದು ಬಂದು ಅದನ್ನು ಸಾಗರನ ತೊಡೆಯ ಮೇಲೆ ಕೂರಿಸಿದಳು. ಮಾರುಕಟ್ಟೆಯ ಚೀಲವನ್ನು ಅದರ ಜಾಗದಲ್ಲಿ ಇಡುವ ಹಾಗೆ ಇಟ್ಟಳು.

“ಅಯ್ಯಯ್ಯೋ ಅನು! ಏನ್ ಮಾಡ್ತಾ ಇದ್ದೀಯೆ?” ಅಮ್ಮ ಎರಡೂ ಕೈ ತಲೆಗೆ ಇಟ್ಟುಕೊಂಡಳು. “ಮಗೀಗೆ ಒಡೆದ್ರೆ?”

“ಹೊಡಿಯಲ್ಲ ಅತ್ತೆ.”

“ಡಾಕ್ಟ್ರು ಕೂರುಸ್ಕಬ್ಯಾಡ ಅಂದವ್ರೆ ಅಂತ ಅವ್ನೇ ಏಳ್ತಾವ್ನಲ್ಲಾ!”

“ಡಾಕ್ಟ್ರು ಕೂರಿಸ್ಕಳಿ ಅಂತಾನೇ ಹೇಳಿದ್ದು. ಮುಟ್ಟಿದ್ರೆ ಏನೂ ಆಗಲ್ಲ ಅಂದ್ರು.” ಅವಳ ದನಿ ಎತ್ತರವಾಗಲಿಲ್ಲ. “ನಾನು ಔಷಧಿ ತರಕೆ ಹೋದೋಳು ಬೇಗನೇ ತಗೊಂಡು ಬಂದಿದ್ದೆ. ಬಾಗ್ಲಲ್ಲೇ ನಿಂತು ಕೇಳಿಸ್ಕಂಡೆ. ಅವತ್ತೇ.”

ಸುಮಿತ್ರಾ ಅತ್ತಿಗೆಯನ್ನು ನೋಡಿದಳು, ಅಣ್ಣನನ್ನು ನೋಡಿದಳು, ಏನೋ ಅರ್ಥವಾದವಳಂತೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವತ್ತೇ. ಹಾಗಾದರೆ ಬೆಂಚಿನ ಹತ್ತಿರ ಏನಂದ್ರು ಎಂದು ಕೇಳಿದ್ದು ಗೊತ್ತಿದ್ದೇ ಕೇಳಿದ್ದು. ಎರಡು ಹಾಸಿಗೆ ಹಾಸಿದ್ದು ಗೊತ್ತಿದ್ದೇ ಹಾಸಿದ್ದು. ಅಪ್ಪನ ಹತ್ತಿರ ಹೋಗಬೇಡ ಎಂದು ವಿಮಲಮ್ಮ ಸಾನ್ವಿಗೆ ಗದರುವಾಗ ಸುಮ್ಮನೆ ಸೊಪ್ಪು ಸೋಸುತ್ತ ಕೂತಿದ್ದುದು ಗೊತ್ತಿದ್ದೇ ಕೂತಿದ್ದು. ಇವನು ತಾನೊಬ್ಬನೇ ಒಂದು ಕೋಣೆಯೊಳಗೆ ಚಿಲಕ ಹಾಕಿಕೊಂಡಿದ್ದೇನೆ ಎಂದುಕೊಂಡಿದ್ದ. ಅವಳು ಎರಡು ವರ್ಷ ಅದರ ಬಾಗಿಲಲ್ಲೇ ನಿಂತಿದ್ದಳು. ನಾಚಿಕೆ ಎಂದರೆ ಇದು ಎಂದು ಅವನಿಗೆ ಗೊತ್ತಾಯಿತು. ಕುತ್ತಿಗೆಯಿಂದ ಕಿವಿಯ ತನಕ ಬಿಸಿಯಾಗಿ ಏರಿತು.

ಅನುಶ್ರೀ ಅಷ್ಟರಲ್ಲಿ ಅಡುಗೆಮನೆಗೆ ತಿರುಗಿದ್ದಳು. ಮಗು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು, ಬಿಕ್ಕುತ್ತ, ಒದ್ದೆ ಮುಖವನ್ನು ಎದೆಗೆ, ಸರಿಯಾಗಿ ಯಂತ್ರದ ಉಬ್ಬಿನ ಮೇಲೆಯೇ ಒತ್ತಿತು. ಎದೆ ಓಡುತ್ತಿತ್ತು. ಇದು ಅದೋ? ಅವನ ಬೆನ್ನು ಒದೆಗೆ ಕಾಯುತ್ತ ಗಟ್ಟಿಯಾಯಿತು. ಕೂತಿದ್ದೇನೆ, ನಿಂತಿಲ್ಲ, ಮಗು ಜಾರಿದರೂ ತೊಡೆಯ ಮೇಲೆಯೇ. ಒಂದು ಕೈಯನ್ನು ಮಗುವಿನ ಬೆನ್ನಿಗಿಟ್ಟ, ಇನ್ನೊಂದನ್ನು ತಲೆಯ ಹಿಂದಿಟ್ಟ.

“ಅಪ್ಪಾ.” ಬಾಗಿಲ ಹತ್ತಿರ ಸಾನ್ವಿ ನಿಂತಿದ್ದಳು, ಮುಟ್ಟಲಾಗದಷ್ಟು ದೂರದಲ್ಲಿ, ಆ ದೂರ ಅವಳಿಗೆ ಅಳತೆಯಿಲ್ಲದೆಯೇ ಗೊತ್ತಿತ್ತು. “ಪಾಪುಗೆ ಶಾಕ್ ಒಡಿಯಲ್ವಾ?”

“ಇಲ್ಲ ಮಗ.”

ಅವಳು ಯೋಚಿಸಿದಳು. “ನಂಗೂ ಒಡಿಯಲ್ವಾ?”

“ನಿಂಗೂ ಇಲ್ಲ. ಯಾವತ್ತೂ ಹೊಡೀತಿರ್ಲಿಲ್ಲ ಕಣವ್ವ.”

ಸಾನ್ವಿ ಓಡಿಬಂದು ಅಪ್ಪಿಕೊಳ್ಳಲಿಲ್ಲ. ಮಕ್ಕಳು ಕಲಿತದ್ದನ್ನು ಅಷ್ಟು ಬೇಗ ಬಿಡುತ್ತಾರೆಯೇ? ಒಂದು ಹೆಜ್ಜೆ ಮುಂದೆ ಬಂದು, ಬೆರಳ ತುದಿಯಿಂದ ಅವನ ಮೊಣಕಾಲನ್ನು ಮುಟ್ಟಿ, ತಟ್ಟನೆ ಕೈ ಎಳೆದುಕೊಂಡು, ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. “ಚುಚ್ಚಿ ಆಚಾರ್ರೆ,” ಎಂದ ಸಾಗರ. ಆಚಾರಿ ಬಗ್ಗಿದ. ಮಗು ಮತ್ತೆ ಕಿರುಚಿತು, ಅವನ ಎದೆ ಎಗರಿ ಬಾಯಿಗೆ ಬಂತು, ಅವನು ಕಣ್ಣು ಮುಚ್ಚಿ ಕಾದ. ಒದೆ ಬರಲಿಲ್ಲ. ಮಗು ಅತ್ತರೆ ಯಾರಿಗಾದರೂ ಆಗುವಂಥದ್ದು ಆಗಿತ್ತು, ಅಷ್ಟೇ. ಸುಮಿತ್ರಾ ಮಗುವಿನ ಬಾಯಿಗೆ ಬೆಲ್ಲದ ಚೂರು ಇಟ್ಟಳು. ಬಿಕ್ಕಳಿಕೆ ಕಮ್ಮಿಯಾಗುತ್ತ ಮಗು ಅಲ್ಲೇ ನಿದ್ದೆ ಹೋಯಿತು, ಜೊಲ್ಲು ಅಂಗಿಯ ಮೇಲೆ ಇಳಿಯಿತು. ಅವನು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದ. ಅವಳು ಒಂದು ಸಲ ಹೊರಗೆ ಬಂದು ನೋಡಲಿ ಎಂದು ಅವನಿಗೆ ಆಸೆಯಾಯಿತು. ಎಷ್ಟೋ ದಿನದ ಮೇಲೆ ಏನೋ ಒಂದು ಬೇಕು ಎನ್ನಿಸಿತ್ತು. ಅವಳು ಬರಲಿಲ್ಲ, ಒಳಗೆ ಪಾಯಸಕ್ಕೆ ಏಲಕ್ಕಿ ಕುಟ್ಟುತ್ತಿದ್ದ ಸದ್ದು ಬರುತ್ತಿತ್ತು.

ಊಟವಾಗಿ ಹೊರಡುವಾಗ ಬಿಸಿಲು ಇನ್ನೂ ಚುರುಕಾಗಿತ್ತು. ಅಮ್ಮ ಮಾತಾಡಲಿಲ್ಲ, ಸುಮಿತ್ರಾ ಮಾತಾಡಿದಳು, ಅದೂ ಅನುಶ್ರೀಯ ಜೊತೆ ಮಾತ್ರ. ಸಾನ್ವಿ ಮುಂದೆ ನಿಂತಳು. ಖಾಲಿ ಚೀಲವನ್ನು ಅನುಶ್ರೀ ಮಡಿಸಿ ಡಿಕ್ಕಿಗೆ ಹಾಕಿದಳು. ಈಗ ಸೀಟಿನಲ್ಲಿ ನಡುವೆ ಇಡಲು ಏನೂ ಇರಲಿಲ್ಲ. ಸಾಗರ ಹತ್ತಿ ಕೂತ. ಅವಳು ಗಾಡಿ ಚಾಲೂ ಮಾಡುವ ಮೊದಲೇ ಕೇಳಿದ:

“ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ ಅನು?”

ಅವಳು ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತಿದ್ದಳು. ಕೊಕ್ಕೆ ಸಿಕ್ಕಿಸಿ, “ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ ಕಾದೆ,” ಎಂದಳು.

ಗಾಡಿ ಹೊರಟಿತು. ಊರಿನ ಕೊನೆಯ ಬ್ಯಾರನ್ ಮನೆ ದಾಟಿದ ಮೇಲೆ ಅವನು ಬಲಗೈಯನ್ನು ಎತ್ತಿ ಅವಳ ಹೆಗಲ ಮೇಲೆ ಇಟ್ಟ. ಸೀರೆಯ ಪಿನ್ನು ಬೆರಳಿಗೆ ತಾಗಿತು. ಅದರ ಕೆಳಗೆ ಮೂಳೆ, ಅವನು ಮರೆತೇಬಿಟ್ಟಿದ್ದ ಸಣ್ಣ ಮೂಳೆ. ಅವಳು ಗಾಡಿಯನ್ನು ನಿಧಾನ ಮಾಡಿದಳು. ಹೆಗಲು ಕೊಡವಲಿಲ್ಲ, ಸಿಡುಕಲಿಲ್ಲ.

“ಇವತ್ತು ಬ್ಯಾಡ ಕಣ್ರೀ,” ಎಂದಳು. “ಕಂಬಿನೇ ಹಿಡ್ಕಳಿ.”

ಅವನು ಕೈ ತೆಗೆದ. ಮಧ್ಯಾಹ್ನವೆಲ್ಲ ಅಂಗಳದ ಬಿಸಿಲಲ್ಲಿ ನಿಂತಿದ್ದ ಗಾಡಿಯ ಕಂಬಿ ಕಾದುಹೋಗಿತ್ತು. ಅಂಗೈ ಚುರ್ ಅಂದಿತು. ಹುಣಸೂರು ಇನ್ನೂ ದೂರವಿತ್ತು. ಅವನು ಹಿಡಿದೇ ಕೂತ.